ಬೆಕ್ಕಿನ ತುರಿಕೆಗೆ ಶೀತದ ಮಾತ್ರೆ ಕೊಡಬಹುದೇ?

ಪ್ರಶ್ನೆ: ನಮ್ಮ ಹೆಣ್ಣು ಬೆಕ್ಕಿಗೆ ಒಂಬತ್ತು ತಿಂಗಳು, ತೂಕ 2.2 ಕೆ.ಜಿ. ಮಳೆ ಹಿಡಿದಾಗಿನಿಂದ ಕುತ್ತಿಗೆ, ಬಾಲದ ಬುಡ ಕೆರೆದುಕೊಳ್ಳುತ್ತಲೇ ಇದೆ. ಶೀತಕ್ಕೆಂದು ತಂದ ಮಾತ್ರೆ ಮನೆಯಲ್ಲಿದೆ. ಅದರಲ್ಲೂ ಅಲರ್ಜಿ ಔಷಧ ಇರುತ್ತದಂತೆ. ಕಾಲು ಭಾಗ ಕೊಡಲೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕೊಡಬೇಡಿ, ಚೂರೂ ಬೇಡ. ಶೀತದ ಮಾತ್ರೆಗಳಲ್ಲಿ ಅಲರ್ಜಿ ಔಷಧದ ಜೊತೆ ಪ್ಯಾರಾಸಿಟಮಾಲ್ ಇರುವುದೇ ಹೆಚ್ಚು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ರಕ್ತ ಆಮ್ಲಜನಕ ಒಯ್ಯಲಾರದೆ ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದುತ್ತವೆ. ಈ ಊತವನ್ನೇ ಅಲರ್ಜಿ ಎಂದುಕೊಂಡು ಇನ್ನೊಂದು ಚೂರು ಕೊಟ್ಟರೆ ಬೆಕ್ಕು ಉಳಿಯುವುದು ಕಷ್ಟ. ಈಗಾಗಲೇ ಕೊಟ್ಟಿದ್ದರೆ ಲಕ್ಷಣ ಕಾಣಲಿ ಎಂದು ಕಾಯದೆ, ಮಾತ್ರೆಯ ಪಟ್ಟಿಯನ್ನೂ ಹಿಡಿದುಕೊಂಡು ಪಶುವೈದ್ಯರ ಬಳಿ ಓಡಿ. ಮೂಗು ಕಟ್ಟಿದ್ದನ್ನು ಬಿಡಿಸುವ ಫಿನೈಲ್‌ಎಫ್ರಿನ್, ಸ್ಯೂಡೋಎಫೆಡ್ರಿನ್ ಬೆರೆತವೂ ಬೆಕ್ಕಿಗೆ ಅಪಾಯವೇ.

ಅಲರ್ಜಿ ಔಷಧವೊಂದೇ ಇರುವ ಮಾತ್ರೆಯ ಮಾತು ಬೇರೆ. ಅಂಥ ಸೆಟಿರಿಜಿನ್ ಅನ್ನು ವೈದ್ಯರು ಬೆಕ್ಕಿಗೆ ಬರೆಯುವುದುಂಟು, ಸಾಮಾನ್ಯವಾಗಿ ಕೆ.ಜಿ.ಗೆ ಸುಮಾರು 1 ಮಿ.ಗ್ರಾಂ., ದಿನಕ್ಕೊಮ್ಮೆ. ನಿಮ್ಮ ಬೆಕ್ಕಿಗಾದರೆ 5 ಮಿ.ಗ್ರಾಂ. ಮಾತ್ರೆಯ ಅರ್ಧ. 10 ಮಿ.ಗ್ರಾಂ.ನದ್ದನ್ನು ನಾಲ್ಕು ಮಾಡಹೊರಟರೆ ಚೂರುಗಳು ಸಮವಾಗುವುದಿಲ್ಲ. ಸಿರಪ್‌ನಲ್ಲಿ ಸಿಹಿಕಾರಕ, ಮದ್ಯಸಾರ ಇರಬಹುದು, ಹಾಗಾಗಿ ಮಾತ್ರೆಯೇ ವಾಸಿ. ಬೆಕ್ಕು ಗಬ್ಬವಾಗಿದ್ದರೆ, ಮೂತ್ರಪಿಂಡದ ತೊಂದರೆ ಇದ್ದರೆ, ಬೇರೆ ಔಷಧ ನಡೆಯುತ್ತಿದ್ದರೆ ಈ ಲೆಕ್ಕ ಹೊಂದುವುದಿಲ್ಲ. ಆದ್ದರಿಂದ ವೈದ್ಯರನ್ನು ಕೇಳದೆ ಶುರು ಮಾಡಬೇಡಿ. ತೂಕವನ್ನೂ ಅಂದಾಜಿನಲ್ಲಿ ಹೇಳಬೇಡಿ: ಬುಟ್ಟಿಯಲ್ಲಿ ಕೂರಿಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿಟ್ಟು, ಬುಟ್ಟಿಯ ತೂಕ ಕಳೆಯಿರಿ.

ಕೊಡುವಾಗ ಬೆಕ್ಕನ್ನು ಟವೆಲ್‌ನಲ್ಲಿ ಸುತ್ತಿ ಮುಖ ಮಾತ್ರ ಹೊರಗಿಡಿ. ಚೂರಿಗೆ ತುಸು ಬೆಣ್ಣೆ ಸವರಿ ನಾಲಿಗೆಯ ಬುಡದಲ್ಲಿಟ್ಟು ಬಾಯಿ ಮುಚ್ಚಿ, ಗಂಟಲು ಸವರಿ. ಆಮೇಲೆ ಸೂಜಿ ಇಲ್ಲದ ಸಿರಿಂಜಿನಲ್ಲಿ 5 ಮಿ.ಲೀ. ನೀರನ್ನು ಕೆನ್ನೆಯ ಪಕ್ಕದಿಂದ ಸ್ವಲ್ಪಸ್ವಲ್ಪವೇ ಬಿಡಿ. ನೀರಿಲ್ಲದೆ ನುಂಗಿದ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿ ಹುಣ್ಣು ಮಾಡಬಹುದು. ನೇರ ಗಂಟಲಿಗೆ ಬಿಟ್ಟರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಕಹಿ ತಾಗಿ ಬಾಯಲ್ಲಿ ನೊರೆ ಬಂದರೆ ಗಾಬರಿ ಬೇಡ. ಮಾತ್ರೆ ಎಷ್ಟು ಒಳಗೆ ಹೋಯಿತೋ ತಿಳಿಯದಾಗ ಮತ್ತೊಂದು ಕೊಡಬೇಡಿ, ಮರುದಿನದ ಹೊತ್ತಿಗೇ ಕೊಡಿ. ತೂಕಡಿಕೆ ಸಹಜ. ನಡುಕ, ವಿಪರೀತ ಚಡಪಡಿಕೆ, ಮೂತ್ರ ನಿಂತಿದ್ದು ಕಂಡರೆ ಔಷಧ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಆದರೆ ನೀವು ಹೇಳಿದ ಜಾಗ ನೋಡಿದರೆ ಚಿಗಟದ ಮೇಲೇ ನಮ್ಮ ಅನುಮಾನ. ಕುತ್ತಿಗೆ, ಬಾಲದ ಬುಡ ಎರಡೂ ಅದರ ಜಾಗಗಳು. ಒದ್ದೆ ಬಿಳಿ ಬಟ್ಟೆಯ ಮೇಲೆ ಬೆಕ್ಕನ್ನು ನಿಲ್ಲಿಸಿ ಬಾಲದ ಬುಡವನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ. ಉದುರಿದ ಕರಿ ಚುಕ್ಕೆಗಳ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಜೀರ್ಣವಾದ ರಕ್ತ, ಚಿಗಟದ ಹಿಕ್ಕೆ. ಚಿಗಟವಿರುವಷ್ಟು ದಿನ ಸೆಟಿರಿಜಿನ್ ಹೆಚ್ಚು ಕೆಲಸ ಮಾಡದು. ಚಿಗಟವಿಲ್ಲದಿದ್ದರೂ ಅದು ಎಲ್ಲ ಬೆಕ್ಕಿಗೂ ನಾಟುವುದಿಲ್ಲ.

ಮಲೆನಾಡಿನ ಮಳೆಗಾಲದ ತೇವ ಚಿಗಟಕ್ಕೆ ಹೇಳಿ ಮಾಡಿಸಿದ ಹವೆ. ಬೆಕ್ಕು ಮಲಗುವ ಗೋಣಿಚೀಲ, ಸೌದೆ ಕೊಟ್ಟಿಗೆಯ ಮೂಲೆಯಲ್ಲೇ ಮೊಟ್ಟೆ ಉದುರಿರುತ್ತದೆ. ಹಾಸು ಬಿಸಿನೀರಲ್ಲಿ ಒಗೆಯಿರಿ, ಮನೆಯ ಎಲ್ಲ ಬೆಕ್ಕು-ನಾಯಿಗೂ ಒಟ್ಟಿಗೆ ಚಿಗಟದ ಔಷಧ ಹಾಕಿಸಿ. ನಾಯಿಗೆ ತಂದದ್ದನ್ನು ಬೆಕ್ಕಿಗೆ ಹಾಕಬೇಡಿ, ಅದರಲ್ಲಿ ಪರ್ಮೆತ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕಿಗೆ ಫಿಟ್ಸ್ ಬರುತ್ತದೆ. ಮುಖ ಏಕಾಏಕಿ ಊದಿ ಉಸಿರಾಟಕ್ಕೆ ಕಷ್ಟವಾದರೆ ಮಾತ್ರೆಯಿಂದ ಆಗುವ ಕೆಲಸವಲ್ಲ, ಇಂಜೆಕ್ಷನ್ ಬೇಕು. ಹತ್ತಿರದ ಪಶು ಆಸ್ಪತ್ರೆಯ ಫೋನ್ ನಂಬರ್ ಈಗಲೇ ಬರೆದಿಟ್ಟುಕೊಳ್ಳಿ.