ಲಾಗ್‌ಗಳನ್ನು ರ‍್ಯಾಮ್‌ನಲ್ಲಿ ಇಡಬಹುದೇ?

ಪ್ರಶ್ನೆ: ನನ್ನ ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಹಗಲೂ ರಾತ್ರಿ ಆನ್ ಇರುತ್ತದೆ. ಈಗಾಗಲೇ ಎರಡು ಎಸ್‌ಡಿ ಕಾರ್ಡ್ ಕೆಟ್ಟಿವೆ. ಲಾಗ್ ಫೈಲ್‌ಗಳನ್ನು (ಸಿಸ್ಟಂ ತನ್ನ ಆಗುಹೋಗು ಬರೆದಿಡುವ ಫೈಲ್‌ಗಳು) ರ‍್ಯಾಮ್‌ಗೆ ಹಾಕಿದರೆ ಕಾರ್ಡ್ ಬಾಳಿಕೆ ಬರುತ್ತದೆಯೇ? ರ‍್ಯಾಮ್ ತುಂಬಿಹೋಗುವುದಿಲ್ಲವೇ?

ಉತ್ತರ: ಖಂಡಿತ ಬಾಳಿಕೆ ಹೆಚ್ಚುತ್ತದೆ. ಲಾಗ್‌ನ ಒಂದು ಸಾಲು ನೂರು ಬೈಟ್ ಇದ್ದೀತು. ಆದರೆ ಎಸ್‌ಡಿ ಕಾರ್ಡ್‌ನೊಳಗಿನ ಫ್ಲ್ಯಾಶ್ ಮೆಮರಿಯಲ್ಲಿ ಅಷ್ಟನ್ನೇ ಅಳಿಸಿ ಬರೆಯಲು ಆಗುವುದಿಲ್ಲ, ಅಳಿಸಬೇಕೆಂದರೆ ದೊಡ್ಡ ಬ್ಲಾಕನ್ನೇ ಅಳಿಸಬೇಕು. ಹಾಗಾಗಿ ಪದೇ ಪದೇ ಬರೆಯುವ ಚೂರುಪಾರು ಸಾಲುಗಳೇ ಕಾರ್ಡನ್ನು ಸವೆಸುತ್ತವೆ.

ನಾನು ಮೊದಲ ಸಲ ಅವಸರಪಟ್ಟು, ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಹೊತ್ತಿಗೆ ಯಾವ ಫೈಲ್ ಸಿಸ್ಟಂ ಎಲ್ಲಿ ಸೇರಬೇಕೆಂದು ಹೇಳುವ ಫೈಲ್) ಒಂದು ಸಾಲು ಸೇರಿಸಿ ಲಾಗ್‌ಗಳಿರುವ ಇಡೀ ವಾರ್-ಲಾಗ್ (/var/log) ಡೈರೆಕ್ಟರಿಯನ್ನೇ ಟಿಎಂಪಿಎಫ್‌ಎಸ್, ಅಂದರೆ ರ‍್ಯಾಮ್‌ನಲ್ಲಿರುವ ಫೈಲ್ ಸಿಸ್ಟಂ, ಮಾಡಿಬಿಟ್ಟೆ. ರೀಬೂಟ್ ಆದ ಮೇಲೆ ಎನ್‌ಜಿನ್‌ಎಕ್ಸ್ ವೆಬ್ ಸರ್ವರ್ ಏಳಲೇ ಇಲ್ಲ. ಅದು ಲಾಗ್ ಬರೆಯುವ ಸಬ್‌ಡೈರೆಕ್ಟರಿಯೇ ಅಲ್ಲಿರಲಿಲ್ಲ! ಟಿಎಂಪಿಎಫ್‌ಎಸ್ ಪ್ರತಿ ಬೂಟ್‌ನಲ್ಲೂ ಖಾಲಿಯಾಗಿಯೇ ಶುರುವಾಗುತ್ತದೆ. ಆ ದಾರಿ ಹಿಡಿಯುವುದಾದರೆ ಬೇಕಾದ ಡೈರೆಕ್ಟರಿಗಳನ್ನು ಬೂಟ್ ಹೊತ್ತಿಗೆ ಸೃಷ್ಟಿಸಲು ಸಿಸ್ಟಂಡಿಯ (ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ವ್ಯವಸ್ಥೆ) ಟಿಎಂಪಿಫೈಲ್ಸ್ ಎಂಬ ಸಾಧನಕ್ಕೆ ಹೇಳಿಡಬೇಕು.

ನೀವು ಅಷ್ಟು ದೂರ ಹೋಗಬೇಡಿ. ಸಿಸ್ಟಂಡಿಯಲ್ಲಿ ಲಾಗ್ ಸಂಗ್ರಹಿಸುವ ಸೇವೆಯಾದ ಜರ್ನಲ್‌ಡಿಯ ಕಾನ್ಫಿಗ್ ಫೈಲ್‌ನಲ್ಲಿ ‘ಸ್ಟೋರೇಜ್’ ಎಂಬುದಕ್ಕೆ ‘ವೊಲಟೈಲ್’ (ರ‍್ಯಾಮ್‌ನಲ್ಲಷ್ಟೇ ಇಡು) ಎಂದು, ‘ರನ್‌ಟೈಮ್ ಮ್ಯಾಕ್ಸ್ ಯೂಸ್’ (ರ‍್ಯಾಮ್ ಬಳಕೆಯ ಮಿತಿ) ಎಂಬುದಕ್ಕೆ 32 ಎಂಬಿ ಎಂದು ಕೊಟ್ಟು, ಜರ್ನಲ್‌ಡಿಯನ್ನು ರೀಸ್ಟಾರ್ಟ್ ಮಾಡಿ. ರ‍್ಯಾಮ್ ತುಂಬುವ ಭಯ ಬೇಡ. ಮಿತಿ ಮುಟ್ಟಿದರೆ ಹಳೆಯ ಲಾಗ್‌ಗಳು ತಾವಾಗಿ ಅಳಿಯುತ್ತವೆ.

ಇಲ್ಲಿ ಬಹಳಷ್ಟು ಜನ ಮರೆಯುವುದು ಆರ್‌ಸಿಸ್‌ಲಾಗ್ ಎಂಬ ಇನ್ನೊಂದು ಲಾಗ್ ಬರೆಯುವ ಪ್ರೋಗ್ರಾಂ ಅನ್ನು. ಅದು ಇನ್‌ಸ್ಟಾಲ್ ಆಗಿದ್ದರೆ ಜರ್ನಲ್‌ಡಿಯ ಲಾಗ್ ರ‍್ಯಾಮ್‌ನಲ್ಲಿದ್ದರೂ ತನ್ನ ಪಾಡಿಗೆ ಕಾರ್ಡ್‌ಗೆ ಬರೆಯುತ್ತಲೇ ಇರುತ್ತದೆ. ಪೂರ್ತಿ ನಿಲ್ಲಿಸುವುದಕ್ಕಿಂತ, ವಾರ್ನಿಂಗ್ ಮತ್ತು ಅದಕ್ಕಿಂತ ಗಂಭೀರವಾದ ಸಂದೇಶಗಳನ್ನಷ್ಟೇ ಕಾರ್ಡ್‌ಗೆ ಬರೆಯುವಂತೆ ಅದರ ರೂಲ್ ಬದಲಿಸಿ ಎಂಬುದು ನನ್ನ ಸಲಹೆ. ಅವು ದಿನಕ್ಕೆ ಕೆಲವೇ ಸಾಲು. ಕರೆಂಟ್ ಹೋದಾಗ ರ‍್ಯಾಮ್‌ನಲ್ಲಿದ್ದದ್ದು ಮಾಯವಾದರೂ ಹುಡುಕಲು ಒಂದು ಸುಳಿವಾದರೂ ಉಳಿದಿರುತ್ತದೆ. ಮನೆಯಲ್ಲಿ ಇನ್ನೊಂದು ಲಿನಕ್ಸ್ ಯಂತ್ರ ಸದಾ ಆನ್ ಇದ್ದರೆ ಆರ್‌ಸಿಸ್‌ಲಾಗ್ ಮೂಲಕ ಎಲ್ಲವನ್ನೂ ಅಲ್ಲಿಗೇ ಕಳಿಸಬಹುದು, ಅದು ಇನ್ನೂ ಒಳ್ಳೆಯದು.

ಪೈ ಆಗಾಗ ಹ್ಯಾಂಗ್ ಆಗುತ್ತಿದೆ ಎಂದಾದರೆ ಮಾತ್ರ ಕೆಲವು ದಿನ ‘ವೊಲಟೈಲ್’ ತೆಗೆದು ‘ಪರ್ಸಿಸ್ಟೆಂಟ್’ (ಕಾರ್ಡ್‌ನಲ್ಲೇ ಉಳಿಸು) ಎಂದು ಹಾಕಿ ರೀಬೂಟ್ ಮಾಡಿ. ಹ್ಯಾಂಗ್ ಆಗುವ ಮುಂಚಿನ ಸಾಲುಗಳೇ ಆಗ ನಿಮಗೆ ಬೇಕಾಗುವುದು. ಕಾರಣ ಸಿಕ್ಕ ಮೇಲೆ ಮತ್ತೆ ರ‍್ಯಾಮ್‌ಗೆ ಬದಲಿಸಿಕೊಳ್ಳಿ.