ಮರು: ಹುಳು ಬಿಟ್ಟರೂ ಕಳೆ ಕಮ್ಮಿಯಾಗಿಲ್ಲ, ಯಾಕೆ?
ಮೂತಿಹುಳು (ಈ ಕಳೆ ತಿನ್ನುವ ಪುಟ್ಟ ಜೀರುಂಡೆ) ಬಿಟ್ಟು ಮೂರು ತಿಂಗಳಾದರೂ ನೀರ ಮೇಲೆ ತೇಲುವ ಕಳೆ ವಾಟರ್ ಹಯಸಿಂತ್ ಹಾಗೇ ಇದೆ, ಎಲೆ ಮೇಲೆ ಚುಕ್ಕೆ ಮಾತ್ರ ಬಂದಿದೆ ಎಂದಿದ್ದೀರಿ. ಆ ಚುಕ್ಕೆ ಒಳ್ಳೆಯದೇ, ಅಲ್ವಾ! ಬೆಳೆದ ಹುಳು ಎಲೆ ಕೆರೆದು ತಿಂದ ಗುರುತು ಅದು. ನಿಜವಾದ ಪೆಟ್ಟು ಕೊಡುವುದು ಮರಿಹುಳು. ಉಬ್ಬಿದ ಎಲೆತೊಟ್ಟನ್ನು ಉದ್ದಕ್ಕೆ ಸೀಳಿ ನೋಡಿ. ಒಳಗೆ ಕಂದು ಸುರಂಗ, ಅದರ ತುದಿಯಲ್ಲಿ ಕಾಲಿಲ್ಲದ ಬಿಳಿ ಮರಿ ಸಿಗಬಹುದು. ಅದು ಬುಡದವರೆಗೂ ಕೊರೆಯುತ್ತದೆ. ತೂತಿಗೆ ನೀರು ಸೇರಿ, ಕೊಳೆತು, ಗಿಡ ಮುಳುಗುತ್ತದೆ.

ಆದರೆ ಹುಳುವಿನ ಒಂದು ತಲೆಮಾರಿಗೇ ಹೆಚ್ಚುಕಮ್ಮಿ ಮೂರು ತಿಂಗಳು ಬೇಕು. ಕಳೆ ಕುಗ್ಗಲು ಕೆಲವು ವರ್ಷಗಳೇ ಆಗುತ್ತವೆ. ಚರಂಡಿ ನೀರು ಸೇರುತ್ತಿದ್ದರೆ ಇನ್ನೂ ಕಷ್ಟ. ಹುಳು ತಿನ್ನುವುದಕ್ಕಿಂತ ಜೋರಾಗಿ ಗಿಡ ಚಿಗುರುತ್ತದೆ. ಬೇಜಾರಾಗಿ ಪೂರ್ತಿ ಕಳೆನಾಶಕ ಹೊಡೆಯಬೇಡಿ, ಗಿಡದ ಜೊತೆ ಮರಿಗಳೂ ಹೋಗುತ್ತವೆ.