ನಿಮ್ಮ ಅಡುಗೆಮನೆ ಚಂದ್ರನ ಮೇಲಿದೆ

ಈ ಸಲದ ಪ್ರಶ್ನೆಗಳನ್ನು ಎರಡು ಗುಡ್ಡೆ ಮಾಡಿದೆ. 'ಯಾವುದು ಕೊಳ್ಳಲಿ' ಒಂದು ಗುಡ್ಡೆ, 'ಎಷ್ಟು ದಿನದಲ್ಲಿ ಬರುತ್ತದೆ' ಇನ್ನೊಂದು. ಮೂರನೆಯದು ಆಗಲೇ ಇಲ್ಲ. ಆರ್ಟ್ ಸ್ಕೂಲಿನಲ್ಲಿ ಡ್ರಾಯಿಂಗ್, ಅನಿಮೇಷನ್ ಕಲಿಸಲು ಶುರು ಮಾಡಿದ ದಿನದಿಂದ ಇವನ್ನೇ ಕೇಳುತ್ತಿದ್ದೇನೆ. ಹಾಗಾಗಿ ಒಂದಕ್ಕೆ ಮಾತ್ರ ಉದ್ದದ ಉತ್ತರ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಪರವಾಗಿಲ್ಲ.

ಪ್ರಶ್ನೆ: ನಾನು ಎರಡನೇ ವರ್ಷದ ಅನಿಮೇಷನ್ ವಿದ್ಯಾರ್ಥಿ. ನನ್ನ ಪಾತ್ರಗಳು ಓಡಾಡುತ್ತವೆ, ಆದರೆ ತೇಲಿದ ಹಾಗೆ ಕಾಣುತ್ತವೆ. 'ಭಾರ ಇಲ್ಲ, ಭಾರ ಇಲ್ಲ' ಅಂತ ಪ್ರತಿ ರಿವ್ಯೂನಲ್ಲೂ ಬೈಸಿಕೊಳ್ಳುತ್ತೇನೆ. ಸ್ಕ್ರೀನ್ ಮೇಲೇ ಚಿತ್ರ ಬಿಡಿಸುವ ದೊಡ್ಡ ಟ್ಯಾಬ್ಲೆಟ್ ತಗೊಂಡರೆ ಸರಿಹೋಗುತ್ತದಾ? ಅಪ್ಪ ಸಾಲ ಮಾಡಿ ಕೊಡಿಸುತ್ತೇನೆ ಅಂದಿದ್ದಾರೆ. — ದಾವಣಗೆರೆಯ ವಿದ್ಯಾರ್ಥಿ

ಉತ್ತರ: ಸಾಲ ಮಾಡಿಸಬೇಡಿ. ಟ್ಯಾಬ್ಲೆಟ್ ಅಂದರೆ ಗುಳಿಗೆ, ನುಂಗಿದರೆ ವಾಸಿಯಾಗುತ್ತದೆ ಅಂತ ನಿಮ್ಮಂಥವರು ತಿಳಿದ ಹಾಗಿದೆ.

ನೀವು ಕಳಿಸಿದ ಕ್ಲಿಪ್ ನೋಡಿದೆ. ಹುಡುಗನ ಮೊಣಕೈ ತಾಗಿ ಸ್ಟೀಲ್ ಲೋಟ ಊಟದ ಟೇಬಲಿನಿಂದ ಬೀಳುತ್ತದೆ. ಲೋಟ ಚೆನ್ನಾಗಿ ಬಂದಿದೆ, ಹೊಳಪೂ ಇದೆ. ಆದರೆ ಅದು ನೆಲ ಮುಟ್ಟಲು 24 ಫ್ರೇಮ್ ಕೊಟ್ಟಿದ್ದೀರಿ. ಫ್ರೇಮ್ ಅಂದರೆ ತೆರೆಯ ಮೇಲೆ ಓಡುವ ಒಂದೊಂದು ಬಿಡಿ ಚಿತ್ರ, ಸೆಕೆಂಡಿಗೆ 24. ಅಂದರೆ ಪೂರ್ತಿ ಒಂದು ಸೆಕೆಂಡ್. ಟೇಬಲಿನ ಎತ್ತರ ಮುಕ್ಕಾಲು ಮೀಟರ್. ಅಲ್ಲಿಂದ ಬಿದ್ದ ಲೋಟ 0.4 ಸೆಕೆಂಡಿನೊಳಗೆ ನೆಲದಲ್ಲಿರುತ್ತದೆ. 9 ಫ್ರೇಮ್, ಜಾಸ್ತಿ ಅಂದರೆ 10. ಅದೇ ಲೋಟ ಚಂದ್ರನ ಮೇಲೆ ಬಿದ್ದಿದ್ದರೆ? ಅಲ್ಲಿಯ ಸೆಳೆತ ಇಲ್ಲಿಯದರ ಆರನೇ ಒಂದು ಪಾಲು. ಲೆಕ್ಕ ಹಾಕಿ, 23 ಫ್ರೇಮ್ ಬರುತ್ತದೆ. ನಿಮ್ಮ ಅಡುಗೆಮನೆ ಚಂದ್ರನ ಮೇಲಿದೆ. ಎಷ್ಟು ದುಡ್ಡಿನ ಟ್ಯಾಬ್ಲೆಟ್ ಕೊಂಡರೂ ಅದು ಅಲ್ಲೇ ಇರುತ್ತದೆ.

ಇನ್ನೊಂದು ತಪ್ಪು ಸ್ಪೇಸಿಂಗಿನದು, ಅಂದರೆ ಒಂದು ಚಿತ್ರದಿಂದ ಮುಂದಿನದಕ್ಕೆ ವಸ್ತು ಎಷ್ಟು ದೂರ ಸರಿಯುತ್ತದೆ ಅನ್ನುವುದರದು. ಮೊದಲಿನ ಚಿತ್ರ, ಕೊನೆಯ ಚಿತ್ರ ನೀವು ಬಿಡಿಸಿ, ನಡುವಿನದನ್ನೆಲ್ಲ ಸಾಫ್ಟ್‌ವೇರ್‌ಗೆ ಬಿಟ್ಟಿದ್ದೀರಿ, ಅಲ್ವಾ? ನಿಮ್ಮ ಕ್ಲಿಪ್ಪಿನಲ್ಲಿ ಅದು ದೂರವನ್ನು ಸಮನಾಗಿ ಹಂಚಿದೆ, ಪಂಕ್ತಿಯಲ್ಲಿ ಲಾಡು ಬಡಿಸಿದ ಹಾಗೆ, ಎಲೆಗೆ ಒಂದು. ಬೀಳುವ ವಸ್ತು ಹಾಗೆ ಬೀಳುವುದಿಲ್ಲ. ಮೊದಲ ಫ್ರೇಮಿನಲ್ಲಿ 1 ಪಾಲು ಇಳಿದರೆ ಮುಂದಿನದರಲ್ಲಿ 3, ಆಮೇಲೆ 5, ಆಮೇಲೆ 7. ಗೆಲಿಲಿಯೊ ಕಂಡುಕೊಂಡ ಲೆಕ್ಕ ಇದು. ಹಾಳೆಯ ಅಂಚಿನಲ್ಲಿ ಈ ಗೀಟುಗಳನ್ನು ಎಳೆದುಕೊಂಡು ಒಂದೊಂದು ಗೀಟಿಗೂ ಒಂದೊಂದು ಲೋಟ ಬಿಡಿಸಿ. ಹತ್ತು ನಿಮಿಷದ ಕೆಲಸ.

ಲೋಟಕ್ಕಾದರೆ ಲೆಕ್ಕ ಸಾಕು. ಮನುಷ್ಯರಿಗೆ ಸಾಲದು.

ನನ್ನ ಮೊದಲ ವರ್ಷದ ಕ್ಲಾಸಿಗೆ ಒಂದು ಪ್ಲಾಸ್ಟಿಕ್ ಕೊಡ ತರುತ್ತೇನೆ. 15 ಲೀಟರಿನದು, ಕಿತ್ತಳೆ ಬಣ್ಣ, ಬಾಯಿ ಸ್ವಲ್ಪ ಸೀಳಿದೆ. ಖಾಲಿ ಕೊಡ ಹೊತ್ತವರನ್ನೂ ತುಂಬಿದ ಕೊಡ ಹೊತ್ತವರನ್ನೂ ಬಿಡಿಸಿ ಅನ್ನುತ್ತೇನೆ. ಪ್ರತಿ ವರ್ಷ ಅದೇ ಕಥೆ. ಎರಡು ಚಿತ್ರದಲ್ಲೂ ಮೈ ಒಂದೇ. ತುಂಬಿದ ಕೊಡಕ್ಕೆ ಗುರುತಾಗಿ ಹುಬ್ಬು ಗಂಟು, ಹಣೆ ಮೇಲೆ ನಾಲ್ಕು ಬೆವರ ಹನಿ. ಹನಿ ಹಾಕಿದರೆ ಭಾರ ಬರುವುದಿಲ್ಲ ಮಹಾರಾಯರೇ, ಒದ್ದೆ ಬರುತ್ತದೆ.

ಆಮೇಲೆ ಹೊರಗಿನ ನಲ್ಲಿಯಲ್ಲಿ ಕೊಡ ತುಂಬಿಸಿ ಒಬ್ಬೊಬ್ಬರ ಕೈಲೂ ಎತ್ತಿಸುತ್ತೇನೆ. ಆಗ ನೋಡಬೇಕು. ಯಾರೂ ಕೈಯಿಂದ ಎತ್ತುವುದಿಲ್ಲ. ಮೊದಲು ಪಾದ ಅಗಲವಾಗುತ್ತದೆ. ಮೊಣಕಾಲು ಮಡಿಯುತ್ತದೆ. ಒಂದು ಕ್ಷಣ ಏನೂ ಆಗುವುದಿಲ್ಲ, ಉಸಿರು ಹಿಡಿದಿರುತ್ತಾರೆ. ಭಾರ ಹುಟ್ಟುವುದು ಆ ಏನೂ ಆಗದ ಕ್ಷಣದಲ್ಲಿ, ನೀವೆಲ್ಲ ಅದನ್ನೇ ಕತ್ತರಿಸಿ ಬಿಸಾಕುತ್ತೀರಿ. ಕೊಡ ಸೊಂಟಕ್ಕೆ ಬಂದ ಕೂಡಲೇ ಸೊಂಟ ಆ ಕಡೆ ಹೊರಗೆ ಬಂದು ಅದಕ್ಕೆ ಕಟ್ಟೆಯಾಗುತ್ತದೆ. ಎದೆ, ತಲೆ ಈಚೆ ವಾಲುತ್ತವೆ. ಖಾಲಿ ಕೈ ತಾನೇ ದೂರಕ್ಕೆ ಚಾಚಿಕೊಳ್ಳುತ್ತದೆ. ಹೆಜ್ಜೆ ಗಿಡ್ಡವಾಗುತ್ತದೆ. ನಡೆದು ಬಂದು ನಿಂತ ಮೇಲೂ ನೀರು ನಿಂತಿರುವುದಿಲ್ಲ, ಕೊಡದ ಬಾಯಿಂದ ತುಳುಕಿ ಮೊಣಕೈ ಮೇಲೆ ಇಳಿಯುತ್ತದೆ.

ಒಂದು ವರ್ಷ ಒಬ್ಬ ಹುಡುಗಿ ಇದ್ದಳು. ಗೆರೆ ಬಿಗಿ ಇರಲಿಲ್ಲ, ಮುಖ ಬಿಡಿಸಲು ಬರುತ್ತಿರಲಿಲ್ಲ. ಊರಲ್ಲಿ ಬೆಳಗಾದರೆ ನೀರು ಹೊತ್ತವಳು. ಅವಳ ಹಾಳೆಯಲ್ಲಿ ಕೊಡವೇ ಇರಲಿಲ್ಲ, ಬರೀ ಮೈ. 'ಟೈಮ್ ಆಯ್ತು ಸರ್, ಕೊಡ ಬಿಡಿಸಕ್ಕೆ ಆಗ್ಲಿಲ್ಲ' ಅಂದಳು. ಕೊಡ ಯಾವ ಕಡೆ ಇದೆ, ಎಷ್ಟು ತುಂಬಿದೆ ಅಂತ ಆ ಮೈ ನೋಡಿದರೆ ಗೊತ್ತಾಗುತ್ತಿತ್ತು. ಆ ಹಾಳೆ ನನ್ನ ಹತ್ತಿರವೇ ಇದೆ, ವಾಪಸ್ ಕೊಟ್ಟಿಲ್ಲ.

ನಡಿಗೆಯ ಗುಟ್ಟೂ ಇದೇ. ಸಾಧಾರಣ ನಡಿಗೆಗೆ ಹೆಜ್ಜೆಗೆ 12 ಫ್ರೇಮ್. ಹಿಮ್ಮಡಿ ನೆಲ ಮುಟ್ಟಿದ ಮೇಲೆ ಮೊಣಕಾಲು ಬಗ್ಗಿ ಮೈ ಕೆಳಗಿಳಿಯುತ್ತದೆ. ಇನ್ನೊಂದು ಕಾಲು ಪಕ್ಕದಿಂದ ದಾಟಿದ ಮೇಲೆ ಮೈ ಮೇಲೇರುತ್ತದೆ. ನಿಮ್ಮ ವಾಕ್ ಸೈಕಲಿನಲ್ಲಿ (ಮತ್ತೆ ಮತ್ತೆ ಓಡಿಸುವ ನಡಿಗೆಯ ಚಿತ್ರಗಳಲ್ಲಿ) ತಲೆ ಸ್ಕೇಲ್ ಇಟ್ಟು ಎಳೆದ ಗೀಟಿನ ಮೇಲೆ ಜಾರುತ್ತಿದೆ. ಊರಿದ ಪಾದವೂ ಜಾರುತ್ತಿದೆ. ಪಾತ್ರ ನಿಂತಲ್ಲೇ ನಡೆಯುವಾಗ ಊರಿದ ಪಾದ ಪ್ರತಿ ಫ್ರೇಮಿಗೂ ಅಷ್ಟಷ್ಟೇ ಹಿಂದೆ ಹೋಗಬೇಕು. ಲಾಡು ಲೆಕ್ಕ ಬೇಕಾಗಿರುವುದು ಇಲ್ಲಿ. ಇಲ್ಲಿ ಮಾತ್ರ ನೀವು ಅದನ್ನು ಮರೆತಿದ್ದೀರಿ.

ಏನು ಮಾಡಬೇಕು? ಬಸ್‌ಸ್ಟ್ಯಾಂಡಿನಲ್ಲಿ ಕೂತುಕೊಳ್ಳಿ. ಒಬ್ಬರಿಗೆ 30 ಸೆಕೆಂಡ್, ರಬ್ಬರ್ ಮನೆಯಲ್ಲೇ ಇರಲಿ. ಮಗು ಎತ್ತಿಕೊಂಡವರು, ಗ್ಯಾಸ್ ಸಿಲಿಂಡರ್ ಇಳಿಸುವವರು, ಬ್ಯಾಗನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸುವವರು. ಮುಖ ಬೇಡ, ಬಟ್ಟೆ ಬೇಡ, ಬೆನ್ನುಮೂಳೆಯ ಗೆರೆ ಒಂದು ಸಿಕ್ಕರೆ ಸಾಕು. ಯಾರಾದರೂ 'ಏನ್ರೀ ನೋಡ್ತಿದೀರಿ' ಅಂದರೆ ಪುಸ್ತಕ ತೋರಿಸಿ. ಬೈಯಲು ಬಂದವರು ನಾಲ್ಕರಲ್ಲಿ ಮೂರು ಸಲ 'ನಂದೂ ಬಿಡಿಸಿ' ಅನ್ನುತ್ತಾರೆ. ನಾಲ್ಕನೆಯವರು ಬೇಡ ಅಂದರೆ ಸುಮ್ನೆ ಎದ್ದು ಬನ್ನಿ.

ಮನೆಗೆ ಬಂದು ಎ4 ಹಾಳೆ, ಆಫೀಸಿನ ಎರಡು ತೂತಿನ ಪಂಚ್, ಹಾಳೆ ಅಲುಗದಂತೆ ಆ ತೂತಿಗೆ ಕೂರುವ ಎರಡು ಬೋಲ್ಟ್, ಫೋನಿನ ಕ್ಯಾಮೆರಾ. ಪೆನ್ಸಿಲ್ ಟೆಸ್ಟಿಗೆ, ಅಂದರೆ ಪೆನ್ಸಿಲ್ ಚಿತ್ರಗಳನ್ನು ಓಡಿಸಿ ಚಲನೆ ಸರಿಯಿದೆಯಾ ಅಂತ ನೋಡಲು, ಇಷ್ಟೇ ಬೇಕು. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ. ಅಪ್ಪನ ಸಾಲಕ್ಕಿಂತ ಹಗುರ.

ಪ್ರಶ್ನೆ: ಎಐ ಕ್ಷಣದಲ್ಲಿ ಚಿತ್ರ ಮಾಡಿ ಕೊಡುತ್ತದೆ. ನಾಲ್ಕು ವರ್ಷ ಕಲಿಯುವುದು ದಂಡ ಅಲ್ಲವೇ?

ಉತ್ತರ: ಇನ್‌ಬಿಟ್ವೀನ್ (ನಡುವಿನ ಚಿತ್ರಗಳು) ಮಾಡುವವರ ಕೆಲಸ ಕಮ್ಮಿಯಾಗುತ್ತದೆ ಅನ್ನುವ ಹೆದರಿಕೆ ನನಗೂ ಇದೆ, ಸುಳ್ಳು ಸಮಾಧಾನ ಹೇಳುವುದಿಲ್ಲ. ಆದರೆ ಮೆಷಿನ್ ಕೊಟ್ಟ ಕೊಡ ತುಂಬಿದೆಯೋ ಖಾಲಿಯೋ ಅಂತ ಹೇಳಲು ಯಾರಾದರೂ ಬೇಕು. ನಿಮಗೆ ಅದು ಕಾಣುತ್ತದಾ ಅನ್ನುವುದಷ್ಟೇ ನನ್ನ ಪ್ರಶ್ನೆ.

ಪ್ರಶ್ನೆ: ಮಗಳಿಗೆ ಚಿತ್ರಕಲೆ ಬರಲಿ ಅಂತ 'ಮಿಡ್‌ಬ್ರೈನ್ ಆ್ಯಕ್ಟಿವೇಷನ್' ಅನ್ನುವ, ನಡುಮಿದುಳು ಚುರುಕು ಮಾಡುತ್ತೇವೆ ಅಂತ ಹೇಳುವ ಕ್ಲಾಸಿಗೆ ಸೇರಿಸಬೇಕೆಂದಿದ್ದೇವೆ. ಎಡಗೈಯಲ್ಲಿ ಬಿಡಿಸಿದರೆ ಬಲ ಮಿದುಳು ಚುರುಕಾಗುತ್ತದೆ ಅಂತಲೂ ಹೇಳಿದರು.

ಉತ್ತರ: ಅಲ್ಲಿ ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತಾರೆ. ಮೂಗಿನ ಪಕ್ಕದ ಸಂದಿಯಿಂದ ಇಣುಕಿ ಓದುವುದು ಹಳೇ ಜಾದೂ, ಮಕ್ಕಳು ಬೇಗ ಕಲಿಯುತ್ತಾರೆ, ಅಪ್ಪ ಅಮ್ಮ ಚಪ್ಪಾಳೆ ಹೊಡೆಯುತ್ತಾರೆ. ಚಿತ್ರಗಾರರಿಗೆ ಇರುವ ಬಂಡವಾಳವೇ ಕಣ್ಣು. ಅದಕ್ಕೇ ಬಟ್ಟೆ ಕಟ್ಟಿಸಲು ದುಡ್ಡು ಕೊಡುತ್ತೀರಾ? ಆ ದುಡ್ಡಿಗೆ ಹಾಳೆ, ಬಣ್ಣ ಕೊಡಿಸಿ. ಎಡಗೈ ವಿಷಯ: ಮಗಳು ಎಡಚಿಯಾಗಿದ್ದರೆ ಎಡಗೈಯಲ್ಲಿ ಬಿಡಿಸಲಿ, ಇಲ್ಲದಿದ್ದರೆ ಬೇಡ.

ಪ್ರಶ್ನೆ: ಆರು ತಿಂಗಳ ಕೋರ್ಸ್, ನೂರಕ್ಕೆ ನೂರು ಕೆಲಸ ಗ್ಯಾರಂಟಿ ಅಂತ ಜಾಹೀರಾತು ಇದೆ. ಸೇರಬಹುದಾ?

ಉತ್ತರ: ಅಂಥ ಒಂದು ಕಡೆ ನಾನೇ ಸ್ವಲ್ಪ ದಿನ ಪಾಠ ಮಾಡಿದ್ದೆ. ಕೋರ್ಸಿನ ಕೊನೆಗೆ ಎಲ್ಲರ ಶೋರೀಲಿನಲ್ಲೂ (ಕೆಲಸ ಕೇಳಲು ತೋರಿಸುವ ವಿಡಿಯೊದಲ್ಲೂ) ಅದೇ ರೋಬೋ, ಅದೇ ಬಾಗಿಲು, ಬಣ್ಣ ಮಾತ್ರ ಬೇರೆ. 'ಕೆಲಸ' ಅಂದರೆ ಮುಂದಿನ ಬ್ಯಾಚಿಗೆ ಸೇರಿ ಅಂತ ಹೊಸಬರಿಗೆ ಫೋನ್ ಮಾಡಿ ಕರೆಯುವುದು. ಫೀಸ್ ಕಟ್ಟುವ ಮುಂಚೆ ಹೋದ ವರ್ಷದ ವಿದ್ಯಾರ್ಥಿಗಳ ಸ್ಕೆಚ್‌ಬುಕ್ ತೋರಿಸಿ ಅನ್ನಿ. ಬ್ರೋಷರ್ ಕೊಟ್ಟರೆ ಎದ್ದು ಬನ್ನಿ.

ಪ್ರಶ್ನೆ: ಆರ್ಟ್ ಕಾಲೇಜಿನ ಪ್ರವೇಶದಲ್ಲಿ ಫೇಲಾದೆ. ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರಿಗೂ ಸೀಟು ಸಿಗಲಿಲ್ಲವಂತಲ್ಲ?

ಉತ್ತರ: ಹೌದು, ಬೊಂಬಾಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಅವರನ್ನು ಸೇರಿಸಿಕೊಳ್ಳಲಿಲ್ಲ. ಇದನ್ನು ಹೇಳಿ ಸಮಾಧಾನ ಮಾಡಿಕೊಳ್ಳುವವರು ಅವರು ಮೈಸೂರಿನಲ್ಲಿ ಎಷ್ಟು ಕಾಗೆ ಬಿಡಿಸಿದ್ದರು ಅಂತ ಕೇಳುವುದೇ ಇಲ್ಲ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ. ಪೋರ್ಟ್‌ಫೋಲಿಯೊದಲ್ಲಿ ಫೋಟೊ ನೋಡಿ ತಿದ್ದಿದ ನಟರ ಮುಖ ಇದ್ದರೆ ಮೊದಲು ಅದನ್ನು ತೆಗೆಯಿರಿ.

ಪ್ರಶ್ನೆ: ನನ್ನದೇ ಸ್ಟೈಲ್ ಯಾವಾಗ ಬರುತ್ತದೆ?

ಉತ್ತರ: ಕೇಳುವುದು ಬಿಟ್ಟ ಮೇಲೆ.

ಪ್ರಶ್ನೆ: ಯಾವ ಪೆನ್ಸಿಲ್ ಒಳ್ಳೆಯದು?

ಉತ್ತರ: ಕೈಲಿರುವುದು.

ಪ್ರಶ್ನೆ: ಫೈನಲ್ ಫಿಲ್ಮ್ ಸಬ್‌ಮಿಷನ್‌ಗೆ ಮೂರು ವಾರ ಇದೆ. ರಾತ್ರಿ ಹೆಬ್ಬೆರಳು, ತೋರುಬೆರಳು ಜುಮ್ ಅನ್ನುತ್ತವೆ. ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಬಿಡಿಸುತ್ತಿದ್ದೇನೆ. ಸ್ನೇಹಿತನೊಬ್ಬ ಎಣ್ಣೆ ಹಾಕಿ ನರ ಎಳೆಯುವವರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಅಂದ.

ಉತ್ತರ: ನರ ಎಳೆಯುವವರ ಹತ್ತಿರ ಹೋಗಬೇಡಿ. ಸ್ನೇಹಿತನ ಕೈ ಅಲ್ಲ ಅದು, ನಿಮ್ಮದು. ನಾಳೆಯೇ ಮೂಳೆ ಡಾಕ್ಟರಿಗೆ ತೋರಿಸಿ, ರಾತ್ರಿ ಹೊತ್ತು ಜುಮ್ ಅನ್ನುತ್ತದೆ ಅಂತ ಮರೆಯದೆ ಹೇಳಿ. ಈ ವಿಷಯದಲ್ಲಿ ನಾನು ಅತಿ ಹೆದರುವವನು, ಕಾರಣ ಇದೆ. ಓದುವಾಗ ಹೀಗೇ ಎರಡು ತಿಂಗಳು ತಡೆದುಕೊಂಡೆ. ಫಿಲ್ಮ್ ಮುಗಿಯಿತು. ಆಮೇಲೆ ಆರು ತಿಂಗಳು ಪೆನ್ಸಿಲ್ ಇರಲಿ, ಅಂಗಿ ಗುಂಡಿ ಹಾಕಲೂ ಅಮ್ಮ ಬೇಕಾಯಿತು. ಆ ಫಿಲ್ಮಿನಲ್ಲಿ ಎಷ್ಟು ಅಂಕ ಬಂತು ಅನ್ನುವುದು ಈಗ ನೆನಪೂ ಇಲ್ಲ. ನಿಮ್ಮ ಫಿಲ್ಮಿನಲ್ಲಿ ಎರಡು ಶಾಟ್ ಕತ್ತರಿಸಿ. ಗೈಡ್ ಹತ್ತಿರ ಹೋಗಿ ಡಾಕ್ಟರ್ ಚೀಟಿ ತೋರಿಸಿ ಹತ್ತು ದಿನ ಜಾಸ್ತಿ ಕೇಳಿ. ಬೈದರೆ ಬೈಸಿಕೊಳ್ಳಿ.